ಬುಟ್ಟಿಯಲ್ಲಿ ಕುಳಿತು ಬಂದ ಪೊಲೀಸ್

ಮೀನು ಮಾರುವ ಗುಲಾಬಕ್ಕ ಬಿಜೂರಿನ ನಮ್ಮ ಅಂಗಳದಲ್ಲಿ ಬುಟ್ಟಿ ಇಳಿಸಿದಾಗ, ಬಂಗುಡೆ ರಾಶಿಗೆ ಒರಗಿಸಿಟ್ಟ ಮೊಬೈಲಿನೊಳಗಿಂದ ಖಾಕಿ ತೊಟ್ಟವನೊಬ್ಬ ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದ.

"ಹ್ವಾಯ್ ಟೀಚ್ರೇ, ಇವ್ರ್ ಪೊಲೀಸ್ರ್ ಅಂಬ್ರ್. ನನ್ನ್ ಬ್ಯಾಂಕ್ ಖಾತಿಗೆ ಕಳ್ಳದುಡ್ಡ್ ಬಂದಿತ್ತಂಬ್ರ್, ಅದ್ಕೆ ಅರೆಸ್ಟ್ ಮಾಡಿರ್. ಫೋನಿನ ಎದ್ರಿಂದ ಕದಲುಕಾಗ ಅಂದ್ರ್. ಮೀನ್ ಹಾಳಾತ್ತಲೆ? ಇವ್ರನ್ನೂ ಕರ್ಕಂಡೇ ಬಂದೆ."

ಆಗಲೇ ಏಳು ಮನೆ ಮುಗಿದಿತ್ತು. ಎಲ್ಲ ಕಡೆಯೂ ಜನ ಬುಟ್ಟಿಗೆ ಬಗ್ಗಿ, ಅವನಿಗೆ ಊಟ ಆಯ್ತಾ ಎಂದು ವಿಚಾರಿಸಿದ್ದರಂತೆ. ಇದು ಮೋಸ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ನಮ್ಮ ಬೆಕ್ಕು ಬಂದು ಅವನ ಮುಖ ನೆಕ್ಕತೊಡಗಿತು. ಯಾರಿಗೂ ಹೇಳಬೇಡ ಅಂದಿದ್ದೆನಲ್ಲ ಎಂದು ಕಿರುಚಿ ಅವನು ಕರೆ ಕಡಿದ.

ಗುಲಾಬಕ್ಕನಿಗೆ ಗಾಬರಿ. "ಬಿಡುಗಡೆ ಮಾಡ್ದೆ ಹೋದ್ರಲೆ! ನಾನೀಗ ಮನಿಗೆ ಹೋಪುಕಾತ್ತಾ ಟೀಚ್ರೇ?"

ಮನೆಯವರೆಲ್ಲ ಬಿದ್ದು ಬಿದ್ದು ನಕ್ಕರು, ಅವರ ಜೊತೆ ನಾನೂ ನಕ್ಕೆ. ಹೋದ ತಿಂಗಳು ನಾನು ಇಂಥವನದೇ ಕರೆಗೆ ಹೆದರಿ, ಅವನು ಹೇಳಿದಂತೆ ಕೋಣೆಯ ಬಾಗಿಲು ಹಾಕಿಕೊಂಡು ಕುಳಿತು, ಪಿಂಚಣಿಯಲ್ಲಿ ಉಳಿಸಿದ್ದನ್ನೆಲ್ಲ ಕಳಿಸಿದ ಸಂಗತಿ ಅವರಿಗೆ ಇನ್ನೂ ಗೊತ್ತಿಲ್ಲ. ಅವತ್ತು ನನಗೂ ಮಾರಿ ಮುಗಿಸಬೇಕಾದ ಒಂದು ಬುಟ್ಟಿ ಮೀನಿದ್ದಿದ್ದರೆ!