ಹಳೇ ದಾರಿಗೆ ಎಷ್ಟು ತಿಂಗಳು

ಕೊಬಾರಿ ಫುಮಿಯೆಗೆ ಐವತ್ತೆಂಟು. ಟೋಕಿಯೊದ ಒಂದು ರಟ್ಟಿನ ಪೆಟ್ಟಿಗೆ ಕಂಪನಿಯಲ್ಲಿ ಫೋನಿನಲ್ಲಿ ಆರ್ಡರು ಬರೆದುಕೊಳ್ಳುತ್ತ ಇಪ್ಪತ್ತಾರು ವರ್ಷ ಸವೆಸಿದ್ದಾಳೆ. ಮನೆ ಸೈತಾಮದಲ್ಲಿ. ರೈಲಿನಲ್ಲಿ ಹೋಗಲು ಒಂದೂಕಾಲು ಗಂಟೆ, ಬರಲು ಒಂದೂಕಾಲು ಗಂಟೆ, ಅಷ್ಟೂ ನಿಂತೇ. ಅಪ್ಪಿತಪ್ಪಿ ಸೀಟು ಸಿಕ್ಕರೆ ಕೂತಲ್ಲೇ ನಿದ್ದೆ ಹೋಗಿ, ತನ್ನ ಸ್ಟೇಷನ್ ದಾಟಿದ ಮೇಲೆ ಎದ್ದು, ತನ್ನನ್ನೇ ಬೈದುಕೊಳ್ಳುತ್ತಾಳೆ. ಇನ್ನೊಬ್ಬರನ್ನು ಬೈಯುವಷ್ಟು ತ್ರಾಣ ಯಾರಿಗಿದೆ?

ರೈಲಿನ ಪಾಸು ಮಾತ್ರ ಕಂಪನಿಯದು. ಆರಾರು ತಿಂಗಳಿಗೊಮ್ಮೆ ಕೈಗೆ ಬರುತ್ತದೆ. ಮನೆಯಿಂದ ಆಫೀಸಿನವರೆಗಿನ ದಾರಿಯಲ್ಲಿ ಎಲ್ಲಿ ಬೇಕಾದರೂ ಇಳಿದು ಹತ್ತಬಹುದು, ಯಾರೂ ಕೇಳುವುದಿಲ್ಲ. ಆ ದಾರಿಯ ನಡುವೆ ಹಿರಾಸೆ ಎಂಬ ಸ್ಟೇಷನ್ನಿದೆ. ಅದರ ಮಗ್ಗುಲಲ್ಲೇ ವಯಸ್ಸಾದವರ ಆರೈಕೆ ಮನೆ, ಅಲ್ಲಿ ಎಂಬತ್ತೇಳರ ಅಮ್ಮ. ನಾಲ್ಕು ವರ್ಷದಿಂದ ದಿನಾ ಸಂಜೆ ಫುಮಿಯೆ ಅಲ್ಲಿಳಿದು ಅಮ್ಮನಿಗೆ ಗಂಜಿ ತಿನ್ನಿಸಬೇಕು. ಬೇರೆಯವರ ಕೈ ಕಂಡರೆ ಮುದುಕಿ ಬಾಯಿ ಬಿಗಿಹಿಡಿಯುತ್ತಾಳೆ. ಹಾಗಂತ ಇದು ಮಗಳ ಕೈ ಎಂಬ ಗುರುತಾದರೂ ಇದೆಯೇ? ಅದೂ ಇಲ್ಲ. ಫುಮಿಯೆಯನ್ನು ಎಂದೋ ತೀರಿಕೊಂಡ ತನ್ನ ಅಕ್ಕ ಎಂದುಕೊಂಡಿದ್ದಾಳೆ.

“ಇಷ್ಟೊತ್ತು ಎಲ್ಲಿ ಅಲೆಯೋಕೆ ಹೋಗಿದ್ಯೇ ಅಕ್ಕ?”

“ಗೇಯೋಕೆ ಹೋಗಿದ್ದೆ. ಬಾಯಿ ತೆಗಿ.”

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಆಡಳಿತ ವಿಭಾಗದ ಹಗಿವಾರ ಅವಳನ್ನು ಕರೆದ. ಇಬ್ಬರೂ ಒಂದೇ ವರ್ಷ ಕೆಲಸಕ್ಕೆ ಸೇರಿದವರು.

“ಕೊಬಾರಿ ಅವರೇ, ಹೊಸ ಕಂಪ್ಯೂಟರು ಎಲ್ಲರ ದಾರೀನೂ ಅಳೆದು ನೋಡಿದೆ. ನಿಮ್ಮನೆ ಹತ್ರ ಹೊಸ ಲೈನು ಬಂತಲ್ಲ, ಅದ್ರಲ್ಲಿ ಬಂದ್ರೆ ಹನ್ನೆರಡು ನಿಮಿಷ ಉಳಿಯುತ್ತೆ, ಚಾರ್ಜೂ ಕಮ್ಮಿ. ಇನ್ಮೇಲೆ ಆ ದಾರಿಗೇ ಪಾಸು.”

“ಅದು ಹಿರಾಸೆ ಮೇಲೆ ಹೋಗಲ್ಲ.”

“ಹಿರಾಸೇಲಿ ಏನಿದೆ?”

“ನಮ್ಮಮ್ಮ.”

ಹಗಿವಾರ ಎರಡೂ ಕೈ ಎತ್ತಿಬಿಟ್ಟ. “ಅಯ್ಯೋ, ಅದನ್ನ ನಾನು ಕೇಳಿಸ್ಕೊಂಡಿಲ್ಲ. ಪಾಸು ಇರೋದು ಕೆಲಸಕ್ಕೆ ಬರೋಕೆ. ಅಮ್ಮ ಅಂತ ಬರೆದ್ರೆ ಮೇಲಿನೋರು ಹಾಗೇ ವಾಪಸ್ ಕಳಿಸ್ತಾರೆ. ಮಂಡಿನೋವು, ಹೊಸ ಲೈನಿನ ಸ್ಟೇಷನ್ ಮೆಟ್ಟಿಲು ಹತ್ತೋಕಾಗಲ್ಲ ಅಂತ ಬರೀರಿ.”

“ನನ್ನ ಮಂಡಿ ಗಟ್ಟಿಯಾಗೇ ಇದೆ.”

“ತಲೇನೂ ಅಷ್ಟೇ ಗಟ್ಟಿ ನಿಮ್ಮದು.” ಅವನು ಡ್ರಾಯರಿನಿಂದ ಒಂದು ಫಾರಂ ತೆಗೆದ. “ಹೋಗ್ಲಿ, ಹಳೇ ದಾರಿಗೆ ಕೊನೇ ಸಲ ಒಂದು ಪಾಸು ಕೊಡಿಸ್ತೀನಿ. ಒಂದು ತಿಂಗಳು, ಮೂರು, ಇಲ್ಲಾಂದ್ರೆ ಆರು. ಎಷ್ಟು ಬೇಕೋ ನೀವೇ ಬರ್ಕೊಡಿ. ನಡುವೆ ಬೇಡವಾದ್ರೆ ವಾಪಸ್ ಮಾಡ್ಬೇಕು, ಯಾಕೆ ಅಂತ ಕಾರಣಾನೂ ಬರೀಬೇಕು.”

ಸ್ವಂತ ಖರ್ಚಿನಲ್ಲಿ ದಿನಾ ಹಿರಾಸೆಗೆ ಹೋಗುವ ಮಾತೇ ಇರಲಿಲ್ಲ, ಸಂಬಳವನ್ನೆಲ್ಲ ಆರೈಕೆ ಮನೆಯೇ ನುಂಗುತ್ತಿತ್ತು. ಫುಮಿಯೆ ತನ್ನ ಜಾಗಕ್ಕೆ ಬಂದು ಆ ಖಾಲಿ ಚೌಕವನ್ನೇ ನೋಡುತ್ತ ಕೂತಳು. ಹಾಳು ಕಾಗದ! ಎಷ್ಟು ತಿಂಗಳು ಎಂದು ಅದು ಕೇಳುತ್ತಿದ್ದುದು ರೈಲಿನ ಲೆಕ್ಕವನ್ನಲ್ಲ. ಹಿಂದಿನ ವಾರ ಡಾಕ್ಟರು ಅವಳನ್ನು ಪಕ್ಕಕ್ಕೆ ಕರೆದು, ನಿಮ್ಮಮ್ಮ ಜೂನಿನ ಮಳೆ ದಾಟಿದರೆ ಅದೇ ದೊಡ್ಡದು ಎಂದಿದ್ದರು.

ಅವಳು ಮೂರು ಎಂದು ಬರೆದಳು. ಬರೆದ ಮೇಲೆ, ನಿಜ ಹೇಳಬೇಕೆಂದರೆ, ಅವಳಿಗೆ ದುಃಖವಾಗಲಿಲ್ಲ, ಎದೆ ಹಗುರವಾಯಿತು. ಇನ್ನು ಮೂರೇ ತಿಂಗಳು, ಆಮೇಲೆ ನೇರ ಮನೆಗೆ ಹೋಗಿ ಕಾಲು ಚಾಚಬಹುದು. ನಾಲ್ಕು ವರ್ಷ ದಿನಾ ಹಿರಾಸೆಯ ಮೆಟ್ಟಿಲು ಹತ್ತಿಳಿದವರಿಗೆ ಗೊತ್ತು ಸಾಕಾಗುವುದು ಎಂದರೇನೆಂದು. ಫಾರಂ ಕೊಟ್ಟು ಬಂದು ಮತ್ತೆ ಫೋನೆತ್ತಿಕೊಂಡಳು.

ಅವತ್ತು ಸಂಜೆ ಅಮ್ಮ ಬಟ್ಟಲು ಖಾಲಿ ಮಾಡಿದಳು. ಕುಂಬಳಕಾಯಿ ಪಲ್ಯವನ್ನೂ ಮುಗಿಸಿ ಮರಿಹಕ್ಕಿಯಂತೆ ಮತ್ತೆ ಬಾಯಿ ತೆರೆದಳು. ಹೀಗೆ ತಿಂದು ಎಷ್ಟು ಕಾಲವಾಗಿತ್ತೋ!

“ಇನ್ನೊಂಚೂರು ಹಾಕೇ ಅಕ್ಕ. ಹೊಟ್ಟೆ ಹಸೀತಿದೆ.”

ಎರಡನೇ ಬಟ್ಟಲೂ ಮುಗಿಯಿತು. ಬಾಯಿ ಒರೆಸುವಾಗ ಮುದುಕಿ ಫುಮಿಯೆಯ ತೋಳು ಹಿಡಿದುಕೊಂಡಳು.

“ನಾಳೆ ಬರ್ತೀಯಾ?”

“ಬರ್ತೀನಿ.”

“ನಾಡಿದ್ದು?”

“ಬರ್ತೀನಮ್ಮ.”

“ಆಮೇಲೆ?”

ಫುಮಿಯೆಗೆ ಫಾರಂನಲ್ಲಿ ಬರೆದ ಮೂರು ನೆನಪಾಯಿತು. ನಾಚಿಕೆಯಿಂದ ಅವಳ ಮುಖವೆಲ್ಲ ಬಿಸಿಯಾಯಿತು.

ಮರುದಿನ ಕೆಲಸ ಶುರುವಾಗುವ ಮೊದಲೇ ಅವಳು ಹಗಿವಾರನ ಮುಂದೆ ನಿಂತಿದ್ದಳು.

“ಅದು ಆರು ಆಗ್ಬೇಕಿತ್ತು. ಬೇರೆ ಫಾರಂ ಕೊಡಿ.”

“ಮೇಲಿನೋರ ಮೊಹರು ಬಿದ್ದಾಯ್ತಲ್ರೀ, ಬೇರೇದು ಆಗಲ್ಲ. ಮೂರರ ಮೇಲೆ ಎರಡು ಗೆರೆ ಎಳೆದು, ಪಕ್ಕದಲ್ಲಿ ಆರು ಅಂತ ಬರೆದು, ನಿಮ್ಮ ಮೊಹರು ಒತ್ತಿ.”

“ಮೂರರ ಮೇಲೆ ವೈಟ್ನರ್ ಹಚ್ಚಿಬಿಟ್ರೆ?”

“ಉಹೂಂ. ತಿದ್ದಿದ ಮೇಲೂ ಮೊದ್ಲು ಏನಿತ್ತು ಅಂತ ಕಾಣ್ಬೇಕು. ನಿಮಗೆ ಗೊತ್ತಿಲ್ದೆ ಇರೋದಾ?”

ಗೊತ್ತಿತ್ತು. ಇಪ್ಪತ್ತಾರು ವರ್ಷದಲ್ಲಿ ನೂರಾರು ಕಾಗದ ಹಾಗೇ ತಿದ್ದಿದ್ದಳು. ಗೆರೆ ಎಳೆದು, ಸಹಿಯ ಬದಲಿಗೆ ಬಳಸುವ, ಮನೆತನದ ಹೆಸರಿನ ಚಿಕ್ಕ ಮೊಹರನ್ನು ಕೆಂಪು ಶಾಯಿಗೆ ಒತ್ತಿ ಕಾಗದದ ಮೇಲೆ ಒತ್ತಿದಳು. ಕೊಬಾರಿ ಎಂದು ಮೂಡಿತು, ಅಮ್ಮನ ಹೆಸರೂ ಅದೇ. ಎರಡು ಗೆರೆಗಳ ಕೆಳಗೆ ಮೂರು ಸ್ಪಷ್ಟವಾಗಿ ಕಾಣುತ್ತಿತ್ತು.

ಹಗಿವಾರ ಕಾಗದ ತೆಗೆದುಕೊಂಡು ದನಿ ತಗ್ಗಿಸಿದ. “ಅಮ್ಮ ಹೇಗಿದ್ದಾರೆ?”

“ನಿನ್ನೆ ಎರಡು ಬಟ್ಟಲು ಗಂಜಿ ತಿಂದ್ರು.”

“ಒಳ್ಳೇದಾಯ್ತಲ್ಲ! ಮತ್ತೆ ಮೂರು ಅಂತ ಯಾಕೆ ಬರೆದಿದ್ರಿ?”

“ಸುಸ್ತಾಗಿತ್ತು,” ಎಂದಳು ಫುಮಿಯೆ.