ರೇಡಿಯಂ ಸೂಜಿ, ಗರಗದ ಕೌದಿ

1946ರಲ್ಲಿ ನಾನು ಧಾರವಾಡದ ಒಂದು ಕಾಲೇಜಿನಲ್ಲಿ ಫಿಸಿಕ್ಸ್ ಡೆಮಾನ್‌ಸ್ಟ್ರೇಟರ್ ಆಗಿದ್ದೆ. ಪ್ರೊಫೆಸರರು ಪಾಠ ಹೇಳುವಾಗ ಪಕ್ಕದಲ್ಲಿ ನಿಂತು ಪ್ರಯೋಗ ಮಾಡಿ ತೋರಿಸುವುದು ಆ ಹುದ್ದೆಯ ಕೆಲಸ. ಪ್ರಯೋಗ ಕೈಕೊಟ್ಟರೆ ಹುಡುಗರ ನಗೆ, ಪ್ರೊಫೆಸರರ ಬೈಗುಳ ಎರಡೂ ಡೆಮಾನ್‌ಸ್ಟ್ರೇಟರನ ಪಾಲಿಗೇ. ಮುಂದೆ ನನ್ನ ನೌಕರಿಯ ಬಹುಪಾಲು ವರ್ಷಗಳು ಅಣುಬಾಂಬಿನ ಲೆಕ್ಕಾಚಾರದಲ್ಲಿ ಕಳೆದವು. ಆ ವರ್ಷಗಳ ಬಗ್ಗೆ ಬರೆಯಿರಿ ಎಂದು ಅನೇಕರು ಕೇಳಿದ್ದಾರೆ. ಅದರಲ್ಲಿ ಬರೆಯಬಹುದಾದದ್ದು ಕಡಿಮೆ. ಆದರೆ ಆ ಕೆಲಸಕ್ಕೆ ಬೇಕಾದ ಮುಖ್ಯ ಪಾಠವನ್ನು ನಾನು ಪ್ರಯೋಗಾಲಯದಲ್ಲಿ ಕಲಿಯಲಿಲ್ಲ, ಧಾರವಾಡದ ಹತ್ತಿರದ ಹಳ್ಳಿ ಗರಗದ ಒಂದು ಮನೆಯ ಪಡಸಾಲೆಯಲ್ಲಿ ಕಲಿತೆ. ಅದನ್ನು ಬರೆಯಲು ಯಾರ ಅಪ್ಪಣೆಯೂ ಬೇಕಿಲ್ಲ.

ಹಿರೋಷಿಮಾದ ಸುದ್ದಿ ಬಂದು ಆಗ ವರ್ಷ ಕಳೆಯುವುದರಲ್ಲಿತ್ತು. ಬಾಂಬಿನ ಬಗ್ಗೆ ನನಗೆ ಗೊತ್ತಿದ್ದದ್ದು ಪತ್ರಿಕೆ ಓದಿದವರಿಗೆ ಗೊತ್ತಿದ್ದದ್ದಕ್ಕಿಂತ ತುಸು ಹೆಚ್ಚು, ಅಷ್ಟೇ. ಆದರೂ ಹುಬ್ಬಳ್ಳಿ, ಧಾರವಾಡಗಳ ವಾಚನಾಲಯಗಳಲ್ಲಿ ಅದರ ಮೇಲೆ ಭಾಷಣ ಮಾಡಿಸಿದರು. ನಾನೂ ಮಾಡಿದೆ. ಅಲ್ಲಿಂದ ನನ್ನ ಹೆಸರು ಬಾಂಬ್ ಮಾಸ್ತರ ಎಂದಾಯಿತು. ಟಾಂಗಾದವನು ನನ್ನ ಚೀಲ ಎತ್ತಿಡುವ ಮೊದಲು ಒಳಗೆ ಏನಿದೆ ಎಂದು ವಿಚಾರಿಸುತ್ತಿದ್ದ. ಪುಸ್ತಕ ಎಂದರೆ ಅವನಿಗೆ ನಂಬಿಕೆ ಬರುತ್ತಿರಲಿಲ್ಲ.

ಹುಬ್ಬಳ್ಳಿಯ ಶಸ್ತ್ರವೈದ್ಯ ವಾಮನರಾಯರು ಶ್ರಾವಣದ ಒಂದು ಬೆಳಿಗ್ಗೆ ನನಗೆ ತಮ್ಮ ಮೋಟಾರು ಕಳಿಸಿದ್ದು ಈ ಹೆಸರಿನ ದೆಸೆಯಿಂದಲೇ. ಅವರದು ಸಣ್ಣ ಖಾಸಗಿ ಆಸ್ಪತ್ರೆ. ತಂಬಾಕಿನಿಂದ ಬಾಯಿಯಲ್ಲಿ ಕ್ಯಾನ್ಸರ್ ಆದವರಿಗೆ ಅವರು ರೇಡಿಯಂ ಚಿಕಿತ್ಸೆ ಮಾಡುತ್ತಿದ್ದರು. ರೇಡಿಯಂ ಎಂದರೆ ತನ್ನಷ್ಟಕ್ಕೆ ತಾನೇ ಕಿರಣಗಳನ್ನು ಉಗುಳುತ್ತಿರುವ ಒಂದು ಧಾತು. ಅದರ ಒಂದೆರಡು ಮಿಲಿಗ್ರಾಂ ಲವಣವನ್ನು ಪ್ಲಾಟಿನಂ ಕೊಳವೆಯಲ್ಲಿ ತುಂಬಿ ಮುಚ್ಚುತ್ತಾರೆ. ಕೊಳವೆಯ ಒಂದು ತುದಿ ಚೂಪು, ಇನ್ನೊಂದು ತುದಿಯಲ್ಲಿ ದಾರ ಪೋಣಿಸಲು ಕಣ್ಣು. ಇಂಥ ಕೆಲವನ್ನು ಹುಣ್ಣಿನ ಸುತ್ತ ಚುಚ್ಚಿ, ದಾರವನ್ನು ಹೊರಗೆ ಅಂಟಿಸಿ, ವಾರದ ಮೇಲೆ ಎಳೆದು ತೆಗೆಯುತ್ತಾರೆ. ಹೊಲಿಗೆ ಸೂಜಿಗಿಂತ ದಪ್ಪ, ಉದ್ದದಲ್ಲಿ ಬಹಳ ಗಿಡ್ಡ. ವೈದ್ಯರು ಇದನ್ನು ರೇಡಿಯಂ ಸೂಜಿ ಅನ್ನುತ್ತಾರೆ. ಅಂಥದೊಂದು ಸೂಜಿ ಕಳೆದಿತ್ತು.

ಗರಗದ ಗೌರವ್ವ ಎಂಬ ಹೆಂಗಸಿನ ಗಲ್ಲದಿಂದ ಸೂಜಿಗಳನ್ನು ತೆಗೆಯುವಾಗ ಒಂದು ಕಡಿಮೆ ಬಿತ್ತು. ಯಾವಾಗಲೋ ನಿದ್ದೆಯಲ್ಲಿ ದಾರಸಮೇತ ಜಾರಿ ಹಾಸಿಗೆಗೆ ಬಿದ್ದಿರಬೇಕು. ಹುಣ್ಣು ಸುಡಲು ಇಟ್ಟ ವಸ್ತು ಅದು. ಯಾರ ಹಾಸಿಗೆಯಲ್ಲಿ, ಯಾರ ಕಿಸೆಯಲ್ಲಿ ಇದ್ದರೂ ಅಲ್ಲಿಯ ಒಳ್ಳೆಯ ಮಾಂಸವನ್ನೂ ಅದೇ ರೀತಿ ಸುಡುತ್ತದೆ. ನೋವು ಕೂಡಲೇ ಗೊತ್ತಾಗುವುದಿಲ್ಲ, ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ.

ನಾನು ಹೋದಾಗ ಹಾಡಹಗಲೇ ವಾರ್ಡಿನ ಕಿಟಕಿಗಳಿಗೆಲ್ಲ ಕಂಬಳಿ ಕಟ್ಟಿದ್ದರು. ಒಳಗೆ ಕಗ್ಗತ್ತಲು. ನರ್ಸುಗಳು, ಕಸಗುಡಿಸುವವರು, ಕಾಂಪೌಂಡರ್ ಎಲ್ಲರೂ ಮಂಚದ ಕೆಳಗೆ ತಲೆ ಹಾಕಿ ಹುಡುಕುತ್ತಿದ್ದರು. ಏನಿದು ಎಂದು ಕೇಳಿದೆ. ರೇಡಿಯಂ ಕಳೆದಿದೆ ಎಂದು ಡಾಕ್ಟರರು ಹೇಳಿದ್ದಾರೆ, ರೇಡಿಯಂ ಅಂದಮೇಲೆ ಕತ್ತಲಲ್ಲಿ ಹೊಳೆಯಲೇಬೇಕಲ್ಲ, ಅಂದರು. ಅವರಿಗೆ ರೇಡಿಯಂ ಗೊತ್ತಿದ್ದದ್ದು ಕಾಂಪೌಂಡರನ ಕೈಗಡಿಯಾರದ ಮುಳ್ಳುಗಳಿಂದ. ಪ್ಲಾಟಿನಂ ಕೊಳವೆಯಲ್ಲಿದ್ದದ್ದು ಹೊರಗೆ ಹೊಳೆಯುವುದಿಲ್ಲ ಎಂದು ಹೇಳಿ ಕಂಬಳಿ ಬಿಚ್ಚಿಸಿದೆ. ಬೆಳಗಿನಿಂದ ಅವರು ಹಿಡಿದಿದ್ದು ಎರಡು ಜಿರಲೆ ಮಾತ್ರ.

ನಾನು ಕಾಲೇಜಿನಿಂದ ತಂದಿದ್ದು ಇಲೆಕ್ಟ್ರೋಸ್ಕೋಪು. ಗಾಜಿನ ಡಬ್ಬಿಯೊಳಗೆ ಲೋಹದ ಕಡ್ಡಿ, ಅದಕ್ಕೆ ಅಂಟಿದ ತೆಳುವಾದ ಚಿನ್ನದ ಹಾಳೆ. ಉಣ್ಣೆಗೆ ತಿಕ್ಕಿದ ಎಬೊನೈಟ್ ಎಂಬ ಗಟ್ಟಿ ರಬ್ಬರಿನ ಕೋಲಿನಿಂದ ವಿದ್ಯುತ್ತು ಕೊಟ್ಟರೆ ಹಾಳೆ ಎದ್ದು ನಿಲ್ಲುತ್ತದೆ. ಹತ್ತಿರದಲ್ಲಿ ರೇಡಿಯಂ ಇದ್ದರೆ ಅದರ ಕಿರಣಗಳು ಗಾಳಿಯ ಮೂಲಕ ಆ ವಿದ್ಯುತ್ತನ್ನು ಸೋರಿಸಿಬಿಡುತ್ತವೆ, ಹಾಳೆ ಕೆಳಗೆ ಬೀಳುತ್ತದೆ. ಉಪಾಯವೇನೋ ಸರಳ. ಆದರೆ ಶ್ರಾವಣದ ತೇವದ ಗಾಳಿಯಲ್ಲಿ ರೇಡಿಯಂ ಇಲ್ಲದಿದ್ದರೂ ಹಾಳೆ ಬೀಳುತ್ತದೆ. ವಾರ್ಡಿನಲ್ಲಿ ಬಿತ್ತು, ಬಚ್ಚಲಿನಲ್ಲಿ ಬಿತ್ತು, ಕಸದ ಗುಂಡಿಯ ಬಳಿ ಬಿತ್ತು. ನನ್ನ ಯಂತ್ರದ ಪ್ರಕಾರ ಇಡೀ ಹುಬ್ಬಳ್ಳಿಯೇ ರೇಡಿಯಂ. ಕಡೆಗೆ ಒಂದು ಶೆಗಡಿ ತರಿಸಿ, ಕೆಂಡದ ಬಿಸಿಗೆ ಡಬ್ಬಿಯನ್ನು ಹಿಡಿದು ಒಣಗಿಸಿ, ಮತ್ತೆ ಮೊದಲಿನಿಂದ ನೋಡಿದೆ. ಈಗ ಹಾಳೆ ಎಲ್ಲೂ ಬೀಳಲಿಲ್ಲ. ಸೂಜಿ ಆಸ್ಪತ್ರೆಯಲ್ಲೇ ಇಲ್ಲ ಎಂದಾಯಿತು. ಇದು ಮೊದಲಿನದಕ್ಕಿಂತ ಕೆಟ್ಟ ಸುದ್ದಿ.

ಗೌರವ್ವನ ಆರೈಕೆಗೆ ಅವರ ಅಕ್ಕ ಪಾರವ್ವ ಇದ್ದರು. ಮಂಚದ ಪಕ್ಕ ನೆಲದ ಮೇಲೆ ಕೂತು, ಹಳೆ ಬಟ್ಟೆಯ ತುಂಡುಗಳನ್ನು ಜೋಡಿಸಿ ಕೌದಿ ಹೊಲಿಯುತ್ತಿದ್ದವರು. ಅವರನ್ನು ನರ್ಸುಗಳ ಮೇಲ್ವಿಚಾರಕಿ ಮೇಟ್ರನ್ ಬೆಳಗಿನಿಂದ ಮೂರು ಸಲ ವಿಚಾರಿಸಿದ್ದರು. ನಿನ್ನ ತಂಗಿಯ ಸೂಜಿ ಎಲ್ಲಿ ಎಂದರೆ, ಇವತ್ತು ಸೂಜಿ ಮಾಡೇ ಇಲ್ಲ ಎಂದು ಪಾರವ್ವನ ಉತ್ತರ. ನಮ್ಮ ಕಡೆ ಇಂಜೆಕ್ಷನ್‌ಗೂ ಸೂಜಿ ಎಂದೇ ಹೆಸರು. ಮತ್ತೆ ಗದರಿಸಿ ಕೇಳಿದ್ದಕ್ಕೆ, ಸೂಜಿ ಮಾಡುವವರು ನೀವು, ಇಟ್ಟುಕೊಳ್ಳುವವರೂ ನೀವು, ನನ್ನನ್ನೇಕೆ ಕೇಳುತ್ತೀರಿ ಅಂದಿದ್ದರು. ಮೇಟ್ರನ್ ಇದನ್ನು ಉದ್ಧಟತನ ಎಂದು ತಿಳಿದು, ಈ ಹೆಂಗಸೇ ಕದ್ದಿದ್ದಾಳೆ, ಪೊಲೀಸರನ್ನು ಕರೆಸಿ ಎಂದು ಡಾಕ್ಟರರ ಬೆನ್ನು ಹತ್ತಿದ್ದರು.

ಈ ಮಾತುಕತೆ ಕೇಳಿ ನನಗೆ ನಗು ಬಂತು, ನಕ್ಕ ಮೇಲೆ ಯೋಚನೆಯೂ ಬಂತು. ಸೂಜಿ ಎಂಬ ಶಬ್ದವನ್ನೇ ಬಿಟ್ಟು ಕೇಳಿ ನೋಡೋಣ ಎಂದು ಪಾರವ್ವನ ಎದುರಿಗೆ ನೆಲದ ಮೇಲೆ ಕೂತೆ.

“ಪಾರವ್ವಾರ, ದಾರ ಪೋಣಿಸಿದ್ದು, ಗಿಡ್ಡಂದು, ಏನರ ಕೆಳಗ ಬಿದ್ದಿತ್ತೇನ್ರಿ?”

“ದಬ್ಬಣ ಬಿದ್ದಿತ್ರಿ,” ಅಂದರು. “ಗಿಡ್ಡ ದಬ್ಬಣ. ಯಾರರ ತುಳದಾರು ಅಂತ ಎತ್ತಿ ಕೌದಿಗೆ ಚುಚ್ಚಿ ಇಟ್ಟೆ.”

ಹಿಂದೆ ನಿಂತಿದ್ದ ವಾಮನರಾಯರು ತಡೆಯಲಾರದೆ, “ಮತ್ತ ಮುಂಜಾನಿಂದ ಕೇಳಿದ್ರ ಯಾಕ ಹೇಳಲಿಲ್ಲವ್ವಾ?” ಅಂದರು.

“ನೀವು ಸೂಜಿ ಕೇಳಿದ್ರಿ. ಇದು ದಬ್ಬಣರಿ.”

ಆ ಕೌದಿ ಎಲ್ಲಿ ಎಂದು ಕೇಳಿದೆ. ಅವರ ಮುಖದಲ್ಲಿ ಮೊದಲ ಸಲ ಸಂತೋಷ ಕಂಡಿತು. ಗರಗದಲ್ಲಿ ಅವರ ಮಗಳು ಹೆತ್ತಿದ್ದಳು, ಹೆಣ್ಣು ಕೂಸು. ಸುದ್ದಿ ತಂದ ಎತ್ತಿನ ಚಕ್ಕಡಿ ಕೂಡಲೇ ತಿರುಗಿ ಹೊರಟಿತ್ತು. ತಂಗಿಯನ್ನು ಬಿಟ್ಟು ಹೋಗುವಂತಿರಲಿಲ್ಲ. ತಾನು ಹೋಗದಿದ್ದರೂ ಕೌದಿಯಾದರೂ ಹೋಗಲಿ ಎಂದು ಅಂಚನ್ನು ಅವಸರವಾಗಿ ಮುಗಿಸಿ ಕಳಿಸಿದ್ದರು. ದಬ್ಬಣ ಅಂಚಿನ ಪದರಗಳಲ್ಲೇ ಉಳಿದಿತ್ತು. ಕೂಸು ಮೂರು ದಿನದಿಂದ ಅದರ ಮೇಲೆ ಮಲಗಿತ್ತು.

ವಾಮನರಾಯರು ಕುರ್ಚಿ ಹುಡುಕಿ ಕೂತರು. ಗೌರವ್ವನ ಗಲ್ಲಕ್ಕೆ ಎಷ್ಟು ಹೊತ್ತು ಎಷ್ಟು ರೇಡಿಯಂ ಎಂದು ಅವರು ಲೆಕ್ಕ ಹಾಕಿ ಇಟ್ಟಿದ್ದರು. ಆ ಲೆಕ್ಕದಲ್ಲಿ ಹಸುಗೂಸು ಇರಲಿಲ್ಲ. ಸೂಜಿ ಕೂಸಿನಿಂದ ಗೇಣು ದೂರವಿದ್ದರೆ ಒಂದು ಮಾತು, ಬೆನ್ನಿಗೇ ತಾಗಿದ್ದರೆ ಬೇರೆಯೇ ಮಾತು. ದೂರ ಹೆಚ್ಚಿದಂತೆ ಕಿರಣದ ಪೆಟ್ಟು ಬೇಗ ಬೇಗ ಕಡಿಮೆಯಾಗುತ್ತದೆ. ಅಂದರೆ ಕೂಸಿನ ಅದೃಷ್ಟವೆಲ್ಲ ಯಾರೋ ಕೌದಿಯನ್ನು ಹೇಗೆ ಮಡಿಚಿ ಹಾಸಿದ್ದಾರೆ ಎಂಬುದರ ಮೇಲೆ ನಿಂತಿತ್ತು.

ತಂಗಿಯನ್ನು ನರ್ಸಿನ ಕೈಗೆ ಒಪ್ಪಿಸಿ ಪಾರವ್ವ ನಮ್ಮೊಡನೆ ಮೋಟಾರು ಹತ್ತಿದರು. ದಾರಿಯಲ್ಲಿ ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಕೆಂಡ ಕಣ್ಣಿಗೆ ಕಾಣುತ್ತದೆ, ಇದು ಕಾಣದ ಕೆಂಡ ಎಂದೆ. ಧಾರವಾಡ ದಾಟಿದ ಮೇಲೆ ಅವರು, “ನಾನ ಕಳಿಸಿದ್ದು,” ಎಂದು ಒಮ್ಮೆ ಅಂದರು. ಗರಗದ ಹತ್ತಿರ ಎರೆಮಣ್ಣಿನಲ್ಲಿ ಮೋಟಾರಿನ ಗಾಲಿಗಳು ಹೂತುಹೋದವು. ಉಳಿದ ದಾರಿ ನಡೆದೆವು. ಡಾಕ್ಟರರ ಕೈಯಲ್ಲಿ ಕಿರಣ ತಡೆಯುವ ಸೀಸದ ಡಬ್ಬಿ, ನನ್ನ ಕೋಟಿನೊಳಗೆ ಇಲೆಕ್ಟ್ರೋಸ್ಕೋಪು. ಪಾರವ್ವ ನಮ್ಮಿಬ್ಬರಿಗಿಂತ ಬಹಳ ಮುಂದಿದ್ದರು.

ಬಾಣಂತಿಯ ಕೋಣೆಗೆ ಪರಗಂಡಸರು ಹೋಗುವ ರೂಢಿಯಿಲ್ಲ. ನಾವು ಪಡಸಾಲೆಯಲ್ಲಿ ನಿಂತೆವು. ಪಾರವ್ವ ಒಳಗೆ ಹೋಗಿ ಕೂಸನ್ನು ಎತ್ತಿ ಮಗಳ ಕೈಗೆ ಕೊಟ್ಟು, ಕೌದಿಯನ್ನು ಹೊರಗೆ ತಂದರು. ಬಾಣಂತಿಗೆ ಕಾಯಿಸಲು ಇಟ್ಟಿದ್ದ ಶೆಗಡಿಯನ್ನೂ ಕೇಳಿ ತರಿಸಿಕೊಂಡೆ. ಗಾಜಿನ ಡಬ್ಬಿ ಒಣಗಿದ ಮೇಲೆ ಶೆಗಡಿಯನ್ನು ದೂರ ಇಡಿಸಿದೆ, ಏಕೆಂದರೆ ಕೆಂಡದ ಬಿಸಿಗಾಳಿಗೂ ಹಾಳೆ ಬೀಳುತ್ತದೆ. ಹಾಳೆ ನೆಟ್ಟಗೆ ನಿಂತಿತು. ಕೌದಿಯನ್ನು ಹತ್ತಿರ ತಂದದ್ದೇ ತಡ, ಕೈ ಬಿಟ್ಟ ಹಾಗೆ ಬಿದ್ದಿತು.

ಅಂಚಿನುದ್ದಕ್ಕೂ ನೋಡುತ್ತ ಬಂದೆ. ಹಾಳೆ ಎಲ್ಲಕ್ಕಿಂತ ಬೇಗ ಬಿದ್ದ ಕಡೆ ಹೊಲಿಗೆ ಬಿಚ್ಚಿದಾಗ ದಬ್ಬಣ ಕಂಡಿತು. ಡಾಕ್ಟರರು ಉದ್ದನೆಯ ಚಿಮುಟದಿಂದ ಅದನ್ನು ಎಳೆದು ಸೀಸದ ಡಬ್ಬಿಯಲ್ಲಿ ಹಾಕಿ, ಹೊಲದಾಚೆ ನಿಂತ ಮೋಟಾರಿನಲ್ಲಿ ಇಟ್ಟು ಬಂದರು. ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಹಾಸಿದ್ದರಂತೆ. ಸೂಜಿ ಇದ್ದ ಅಂಚು ಕೂಸಿನ ಕಾಲ ಕಡೆ, ಕೆಳಗಿನ ಮಡಿಕೆಯಲ್ಲಿ ಇತ್ತು. ಬೆನ್ನಿಗೆ, ತಲೆಗೆ ತಾಗಿರಲಿಲ್ಲ. ಬಲಗಾಲಿನ ಮೀನಖಂಡದ ಮೇಲೆ ಮಾತ್ರ ಕೆಂಪಗೆ ಒಂದು ಗುರುತು ಎದ್ದಿತ್ತು. ವಾಮನರಾಯರು ಹೊಸ್ತಿಲಲ್ಲಿ ನಿಂತೇ ಅದನ್ನು ಬಹಳ ಹೊತ್ತು ನೋಡಿ, ಇದು ಮಾಯುತ್ತದೆ ಅಂದರು.

ಕೆಲಸ ಇಲ್ಲಿಗೆ ಮುಗಿಯಬೇಕಿತ್ತು. ಡಾಕ್ಟರರು ಹೊರಡುವಾಗ, ಆ ಕೌದಿಯನ್ನು ಸುಟ್ಟುಬಿಡಿ ಅಂದರು. ಅವರದು ತಪ್ಪಲ್ಲ. ಹೆದರಿದ ವೈದ್ಯ ಒಂದು ಹೆಜ್ಜೆ ಹೆಚ್ಚೇ ಹಿಂದೆ ಸರಿಯುತ್ತಾನೆ. ಆದರೆ ಅದಕ್ಕೆ ಕಾರಣವಿರಲಿಲ್ಲ. ಕೊಳವೆ ಒಡೆದಿರಲಿಲ್ಲ, ಒಳಗಿನ ಲವಣ ಹೊರಗೆ ಬಂದಿರಲಿಲ್ಲ. ದೀಪ ಒಯ್ದ ಮೇಲೆ ಕೋಣೆಯಲ್ಲಿ ಬೆಳಕು ಉಳಿಯದ ಹಾಗೆ, ಸೂಜಿ ಹೋದ ಮೇಲೆ ಬಟ್ಟೆಯಲ್ಲಿ ಏನೂ ಉಳಿದಿರಲಿಲ್ಲ. ಕೌದಿಯನ್ನು ಮತ್ತೆ ಗಾಜಿನ ಡಬ್ಬಿಯ ಹತ್ತಿರ ಹಿಡಿದು ತೋರಿಸಿದೆ. ಹಾಳೆ ಅಲುಗಲಿಲ್ಲ. ಇದು ಶುದ್ಧವಾಗಿದೆ, ಕೂಸಿಗೆ ಹಾಸಬಹುದು ಎಂದೆ.

ಆ ಕೌದಿಯಲ್ಲಿ ಪಾರವ್ವನ ತಾಯಿಯ ಸೀರೆಯ ತುಂಡಿತ್ತು, ಗೌರವ್ವನ ಖಣದ ತುಂಡಿತ್ತು, ಊರಿನ ಖಾದಿ ಇತ್ತು. ಪಾರವ್ವ ಹಾಳೆಯನ್ನು ನೋಡಿದರು, ಡಾಕ್ಟರರನ್ನು ನೋಡಿದರು, ಆಮೇಲೆ ನನ್ನ ಕಡೆ ತಿರುಗಿದರು.

“ನಿಮ್ಮ ಡಬ್ಬಿ ಛಲೋ ಐತಿ ಅಂತೈತಿ, ಡಾಕ್ಟರ್ರು ಸುಡು ಅಂತಾರ. ಮಾಸ್ತರ್ರ, ನೀವಾದ್ರ ಇದನ್ನ ಹಾಸ್ಕೊಂಡು ಮಲಗ್ತೀರೇನ್ರಿ?”

ಭಾಷಣಗಳಲ್ಲಿ ನನಗೆ ಎಷ್ಟೋ ಪ್ರಶ್ನೆ ಕೇಳಿದ್ದರು. ಇಂಥದ್ದನ್ನು ಯಾರೂ ಕೇಳಿರಲಿಲ್ಲ.

“ಮಲಗ್ತೇನ್ರಿ,” ಎಂದೆ.

“ಹಂಗಾದ್ರ ಒಯ್ರಿ. ತೊಟ್ಟಲದ ದಿನ ತಂದು ಕೊಡ್ರಿ.”

ಒಯ್ದೆ. ಧಾರವಾಡದ ನನ್ನ ಬಾಡಿಗೆ ಕೋಣೆಯಲ್ಲಿ ಮಂಚದ ಮೇಲೆ ಹಾಸಿದೆ. ಮೊದಲ ದಿನ ನಿದ್ದೆ ಸರಿಯಾಗಿ ಬರಲಿಲ್ಲ ಎಂದು ಹೇಳಿದರೆ ನನ್ನ ವಿದ್ಯೆಗೆ ಅವಮಾನವಿಲ್ಲ. ಲೆಕ್ಕ ನನಗೆ ಗೊತ್ತಿತ್ತು, ನನ್ನ ಬೆನ್ನಿಗೆ ಗೊತ್ತಿರಲಿಲ್ಲ. ಹೊರಳಿದಾಗೊಮ್ಮೆ ಬಿಚ್ಚಿದ ಅಂಚು ಕೈಗೆ ತಾಗುತ್ತಿತ್ತು. ಮರುದಿನ ಎದ್ದು ಇಲೆಕ್ಟ್ರೋಸ್ಕೋಪಿನಿಂದ ಇನ್ನೊಮ್ಮೆ ನೋಡಿದೆ. ಆಮೇಲೆ ಒಳ್ಳೆಯ ನಿದ್ದೆಯೇ ಬಂತು.

ತೊಟ್ಟಿಲಿಗೆ ಹಾಕುವ ದಿನ ಕೌದಿ ತೆಗೆದುಕೊಂಡು ಹೋದೆ. ಪಾರವ್ವ ನನ್ನನ್ನು ಬೆಳಕಿಗೆ ನಿಲ್ಲಿಸಿ, ಅಂಗಿಯ ತೋಳು ಮೇಲೆ ಸರಿಸಲು ಹೇಳಿ, ಎರಡೂ ಕೈ ತಿರುಗಿಸಿ ನೋಡಿದರು. ಬಿಚ್ಚಿದ ಅಂಚನ್ನು ಅಲ್ಲೇ ಕೂತು ಹೊಲಿದರು. ತೊಟ್ಟಿಲಲ್ಲಿ ಹಾಸಿ, ಕೂಸನ್ನು ಅದರ ಮೇಲೆ ಮಲಗಿಸಿದರು. ನನಗೆ ಹೋಳಿಗೆ ಬಡಿಸುವಾಗ ಬೇಡವೆಂದರೂ ಬಿಡಲಿಲ್ಲ. ಗೌರವ್ವನ ಗಲ್ಲ ಮಾಯ್ದು, ಅವರು ಮುಂದೆ ಕೆಲವು ವರ್ಷ ಬದುಕಿದರು. ಕೂಸಿನ ಮೀನಖಂಡದ ಮೇಲೆ ಹುಣಸೆ ಬೀಜದಷ್ಟು ಒಂದು ಕಲೆ ಉಳಿಯಿತು. ಆಕೆ ದೊಡ್ಡವಳಾಗಿ ಮದುವೆಯಾಗುವವರೆಗೂ ನಾನು ಊರಿಗೆ ಬಂದಾಗಲೆಲ್ಲ ಅದರ ಬಗ್ಗೆ ವಿಚಾರಿಸುತ್ತಿದ್ದೆ. ಆಕೆಗೆ ಅದೊಂದು ತಮಾಷೆಯ ವಿಷಯವಾಗಿತ್ತು.

ಮುಂದೆ ನಾನು ಸೇರಿದ ಮುಂಬಯಿಯ ಪ್ರಯೋಗಾಲಯದಲ್ಲಿ ಸುರಕ್ಷತೆಯ ಕಾಗದಗಳು ನನ್ನ ಮೇಜಿಗೆ ಬರುತ್ತಿದ್ದವು. ಈ ಗೋಡೆಯ ಆಚೆ ಕೆಲಸಗಾರರು ಕೂರಬಹುದು, ಈ ಬೇಲಿಯ ಆಚೆ ಜನವಸತಿ ಇರಬಹುದು ಎಂದು ಬರೆದು ಸಹಿ ಹಾಕುವ ಕೆಲಸ. ಅಂಕಿಗಳೆಲ್ಲ ಸರಿಯಾಗಿವೆ ಎಂದು ಖಾತ್ರಿಯಾದ ಮೇಲೂ ನಾನು ಪೆನ್ನು ಕೆಳಗಿಟ್ಟು, ಅಲ್ಲಿ ನಾನು ಹಾಸಿಕೊಂಡು ಮಲಗುತ್ತೇನೆಯೇ ಎಂದು ಕೇಳಿಕೊಳ್ಳುತ್ತಿದ್ದೆ. ಇಲ್ಲ ಅನ್ನಿಸಿದರೆ ಗೋಡೆಯನ್ನು ದಪ್ಪ ಮಾಡಿಸುತ್ತಿದ್ದೆ. ಇದರಿಂದ ಕೆಲಸ ತಡವಾಗುತ್ತದೆ ಎಂದು ಮೇಲಿನವರು ಸಿಡಿಮಿಡಿ ಮಾಡಿದ್ದುಂಟು. ನನ್ನ ವೃತ್ತಿ ನನಗೆ ಕಲಿಸಿದ್ದರಲ್ಲಿ ಬೇರೆಯವರಿಗೂ ಉಪಯೋಗವಾಗುವಂಥದ್ದು ಇದೊಂದೇ. ಇನ್ನೊಬ್ಬರಿಗೆ ಅಪಾಯವಿಲ್ಲ ಎಂದು ಹೇಳುವವನು ಅಲ್ಲಿ ತಾನು ಮಲಗಲು ಸಿದ್ಧನಿರಬೇಕು.

ಗೋಡೆಗೆ, ಬೇಲಿಗೆ ಈ ಪ್ರಶ್ನೆ ಸಾಕಾಗುತ್ತಿತ್ತು. ಗೋಡೆಯ ಒಳಗೆ ನಾವು ಮಾಡುತ್ತಿದ್ದ ವಸ್ತುವಿಗೆ ಸಾಕಾಗುತ್ತಿರಲಿಲ್ಲ. ಅದನ್ನು ಮಾಡುವುದೇ ಜನ ಮಲಗಿದ ಊರಿನ ಮೇಲೆ ಬೀಳಲಿಕ್ಕೆ.

ಪಾರವ್ವ ಬಹಳ ಕಾಲ ಬದುಕಿದರು. ನಾನು ಏನು ಕೆಲಸ ಮಾಡುತ್ತೇನೆ ಎಂಬುದು ಅವರಿಗೆ ಗೊತ್ತಿತ್ತು, ಊರಿಗೆಲ್ಲ ಗೊತ್ತಿತ್ತು. ರಜೆಯಲ್ಲಿ ಗರಗಕ್ಕೆ ಹೋದರೆ ಪಡಸಾಲೆಯಲ್ಲಿ ಅದೇ ಕೌದಿ ಹಾಸಿ ಕೂರಿಸುತ್ತಿದ್ದರು. ಮಕ್ಕಳ ಬಗ್ಗೆ ಕೇಳುತ್ತಿದ್ದರು, ಮುಂಬಯಿಯ ಮಳೆಯ ಬಗ್ಗೆ ಕೇಳುತ್ತಿದ್ದರು. ಬಾಂಬಿನ ಬಗ್ಗೆ ಒಂದು ದಿನವೂ ಕೇಳಲಿಲ್ಲ. ಕೇಳಿದ್ದರೆ, ಮಲಗ್ತೇನ್ರಿ ಎಂದು ಹೇಳಲು ನನ್ನಿಂದ ಆಗುತ್ತಿರಲಿಲ್ಲ.