ಕೊಬ್ಬರಿ ಗೋದಾಮಿನ ಮುಷ್ಕರ

ತೊಂಬತ್ತರ ದಶಕದಲ್ಲಿ, ತಿಪಟೂರಿನ ಗೋದಾಮುಗಳಲ್ಲಿ ಕರಟ ಒಡೆದು ಕೊಬ್ಬರಿ ಬಿಡಿಸುವ ಹೆಂಗಸರಿಗೆ ಸಂಘ ಕಟ್ಟಿಕೊಟ್ಟವನು ನಾನು. ಆಗ ನನಗೆ ಮೂವತ್ತೂ ತುಂಬಿರಲಿಲ್ಲ, ಎಲ್ಲ ಗೊತ್ತು ಎಂಬ ಜಂಬ ಮಾತ್ರ ತುಂಬಿತ್ತು. ನಮ್ಮ ಬೇಡಿಕೆ ಒಂದೇ: ಮಚ್ಚು ತಗುಲಿ ಕೈ ಕುಯ್ದುಕೊಂಡವರ ಆಸ್ಪತ್ರೆ ಖರ್ಚನ್ನು ಮಾಲೀಕರು ನೋಡಿಕೊಳ್ಳಬೇಕು. ಅವರು ಕಿವಿಗೇ ಹಾಕಿಕೊಳ್ಳಲಿಲ್ಲ. ಮುಷ್ಕರ ಹೂಡೋಣ ಎಂದೆ.

ದಂಡಿನಶಿವರದ ಕಡೆಯಿಂದ ಬಂದು ನೆಲೆಸಿದ್ದ ಹೆಂಗಸೊಬ್ಬಳು ಸಭೆಯಲ್ಲಿ ಎದ್ದು ನಿಂತಳು. ಅವಳ ಎಡಗೈ ಹೆಬ್ಬೆರಳು ಅರ್ಧ ಹೋಗಿತ್ತು.

“ಹಾಲಾಗಿದ್ರೆ ಸಂಜೆಗೇ ಕೆಡ್ತಿತ್ತು, ಸಾವ್ಕಾರ ಹೆದರ್ಕೊಳ್ಳೋನು. ಅಟ್ಟದ ಮೇಲಿರೋ ಕಾಯಿ ಇನ್ನಾರು ತಿಂಗ್ಳು ಬುಟ್ರೂ ಏನಾಗಾಕಿಲ್ಲ ಕಣಪ್ಪ. ನಾವು ಆರು ದಿನ ತಡೀತೀವಾ?”

ತೆಂಗಿನ ತೋಟದಲ್ಲೇ ಹುಟ್ಟಿ ಬೆಳೆದವನು ನಾನು. ಕಾಯಿ ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಿಯೇ ಕೊಬ್ಬರಿಯಾಗುವುದು ಎಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆದರೂ ದೊಡ್ಡ ಊರಿನ ಕಾರ್ಖಾನೆಗಳ ಕಥೆ ಹೇಳಿ, ಒಗ್ಗಟ್ಟಿನ ಮೇಲೆ ಅರ್ಧ ಗಂಟೆ ಕೊರೆದು ಅವಳ ಬಾಯಿ ಮುಚ್ಚಿಸಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳೂ ತಟ್ಟಿದಳು.

ಮಾಲೀಕರು ಗೋದಾಮಿಗೆ ಬೀಗ ಹಾಕಿ ಆರಾಮಾಗಿ ಮನೆಗೆ ಹೋದರು. ಮೂರನೇ ವಾರಕ್ಕೆ ಹೆಂಗಸರು ಒಬ್ಬೊಬ್ಬರಾಗಿ ಹೋಗಿ ಕೆಲಸ ಕೇಳತೊಡಗಿದರು. ಕೊನೆಯವರೆಗೂ ಬಾಗಿಲ ಮುಂದೆ ಕೂತವಳು ಅವಳೊಬ್ಬಳೇ. ಮುಷ್ಕರ ಬೇಡ ಎಂದವಳೂ ಅವಳೇ, ಕೊಟ್ಟ ಮಾತಿಗೆ ಕಟ್ಟುಬಿದ್ದವಳೂ ಅವಳೇ. ಆಮೇಲೆ ಊರಿನ ಯಾವ ಗೋದಾಮಿನವರೂ ಅವಳನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ.

ನಾನು ಸೋಲಿನ ಬಗ್ಗೆ ವರದಿ ಬರೆದೆ. ಸಂಘಟನೆಯ ಮೇಲಿನವರು ಮೆಚ್ಚಿದರು. ಹಾಗೆ ಒಂದೊಂದೇ ಮೆಟ್ಟಿಲು ಹತ್ತಿ, ಕೆಲ ವರ್ಷಗಳಲ್ಲಿ ಕಾರ್ಮಿಕರ ವಿಚಾರದಲ್ಲಿ ಮಂತ್ರಿಯೊಬ್ಬರಿಗೆ ಸಲಹೆಗಾರನಾದೆ. ಆ ಪದ ಕೇಳಿದರೆ ಈಗಲೂ ನನಗೆ ಮೈ ಉರಿಯುತ್ತದೆ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ದಿನ, ಕಿಬ್ಬನಹಳ್ಳಿಯಲ್ಲಿ ಕಾರು ನಿಲ್ಲಿಸಿ ಟೀ ಕುಡಿಯುತ್ತಿದ್ದೆ. ಬಸ್ಸಿಗೆ ಕಾಯುತ್ತಿದ್ದ ಅವಳು ಗುರುತು ಹಿಡಿದು ಹತ್ತಿರ ಬಂದಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

“ಸಾ, ಒಂದು ಉಪಕಾರ ಆಗ್ಬೇಕಿತ್ತು,” ಎಂದಳು. ಹಿಂದೆಲ್ಲ ಕಣಪ್ಪ ಎಂದೇ ಮಾತಾಡುತ್ತಿದ್ದವಳು ಈಗ ಸಾ ಎಂದದ್ದು ನನಗೆ ಚುಚ್ಚಿತು. ಪಕ್ಕದಲ್ಲಿ ಅವಳ ಸೊಸೆ ನಿಂತಿದ್ದಳು. “ಇವ್ಳು ಕೊಬ್ರಿ ಕೆಲ್ಸಕ್ಕೆ ಹೋಯ್ತೀನಿ ಅಂತವ್ಳೆ. ನನ್ ಸೊಸೆ ಅಂತ ಗೊತ್ತಾದ್ರೆ ಯಾರೂ ಸೇರಿಸ್ಕೊಳ್ಳಲ್ಲ. ಇವ್ಳು ಸಂಘದೋಳಲ್ಲ, ಮುಂದಕ್ಕೂ ಸೇರಾಕಿಲ್ಲ ಅಂತ ನೀವೇ ಬರ್ಕೊಟ್ರೆ ನಂಬ್ತಾರೆ.”

ಸಂಘ ಸೇರುವುದು ನಿಮ್ಮ ಹಕ್ಕು ಎಂದು ಊರೂರಲ್ಲಿ ಭಾಷಣ ಮಾಡಿದ್ದವನು, ಟೀ ಅಂಗಡಿಯ ಬೆಂಚಿನ ಮೇಲೆ ಕೂತು, ಸರ್ಕಾರದ ಮುದ್ರೆಯಿದ್ದ ಕಾಗದದ ಮೇಲೆ ಅವಳು ಹೇಳಿದಂತೆಯೇ ಬರೆದೆ. ಅವಳಿಗೆ ಓದು ಬರುತ್ತಿರಲಿಲ್ಲ. ಸೊಸೆ ಎರಡು ಸಲ ಓದಿ ಹೇಳಿದಳು.

ಮರುವಾರವೇ ಆ ಹುಡುಗಿಗೆ ಕೆಲಸ ಸಿಕ್ಕಿತಂತೆ. ನಾನು ಅಷ್ಟು ವರ್ಷ ಬರೆದದ್ದರಲ್ಲಿ ಆ ಮನೆಯ ಉಪಯೋಗಕ್ಕೆ ಬಂದ ಕಾಗದ ಅದೊಂದೇ.